ಕೆಂಪು ದೀಪಕ್ಕೆ ಕ್ಯಾಮೆರಾ: ಬಳ್ಳಾರಿ ಮೊದಲು ಕೇಳಬೇಕಾದದ್ದು ಹಳದಿ ದೀಪದ ಲೆಕ್ಕ

ಸಿಗ್ನಲ್‌ಗಳಿಗೆ ಕ್ಯಾಮೆರಾ ಹಾಕಬೇಕೇ ಎಂಬ ಪ್ರಶ್ನೆ ಬಳ್ಳಾರಿಯಲ್ಲಿ ಎದ್ದಾಗಲೆಲ್ಲ ಎರಡು ಉತ್ತರಗಳು ತಟ್ಟನೆ ಬರುತ್ತವೆ. ಫೈನ್ ಬಿದ್ದರೆ ಮಾತ್ರ ಜನ ಬುದ್ಧಿ ಕಲಿಯುತ್ತಾರೆ ಎನ್ನುವುದು ಒಂದು. ಇದೆಲ್ಲ ಸರ್ಕಾರ ದುಡ್ಡು ಮಾಡುವ ದಾರಿ ಎನ್ನುವುದು ಇನ್ನೊಂದು. ಈ ನಡುವೆ ಬರುವ ಸುದ್ದಿಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕ್ಯಾಮೆರಾ ಅಳವಡಿಕೆ ಎಲ್ಲಿಗೆ ಬಂತು ಎಂದು ಸುಪ್ರೀಂ ಕೋರ್ಟ್ ರಾಜ್ಯಗಳನ್ನು ಕೇಳುತ್ತದೆ. ಅದೇ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಘೋಷಿಸುತ್ತದೆ. ಮೊಬೈಲಿಗೆ ಬರುವ ದಂಡದ ಸಂದೇಶಗಳಲ್ಲಿ ಕೆಲವು ಅಸಲಿ, ಕೆಲವು ವಂಚಕರದು. ಓದುಗರು ಗೊಂದಲಕ್ಕೆ ಬಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದ್ದರಿಂದ ಕಾನೂನು ಏನನ್ನು ಕಡ್ಡಾಯ ಮಾಡಿದೆ, ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಬೇರೆ ಊರುಗಳಲ್ಲಿ ಅದರಿಂದ ಏನಾಯಿತು ಎಂಬುದನ್ನು ಒಂದೊಂದಾಗಿ ನೋಡುವುದು ಒಳ್ಳೆಯದು.

ಕಾನೂನು ಹೇಳುವುದೆಷ್ಟು

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 136ಎ ಎಂಬ ಹೊಸ ಕಲಂ ಸೇರಿತು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ ಮತ್ತು ನಗರಗಳ ರಸ್ತೆಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಮೂಲಕ ನಿಗಾ ಇಡುವ ಹೊಣೆಯನ್ನು ಅದು ರಾಜ್ಯಗಳಿಗೆ ವಹಿಸಿತು. ಅದನ್ನು ಹೇಗೆ ಮಾಡಬೇಕೆಂದು ತಿಳಿಸುವ 167ಎ ನಿಯಮವನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಹೊರಡಿಸಿತು. ನಿಯಮ ಕಾಗದದಲ್ಲೇ ಉಳಿಯಬಾರದೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2024ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಿಂದ ವರದಿ ಕೇಳಿತು.

ಬಳ್ಳಾರಿಯ ಮಟ್ಟಿಗೆ ಇಲ್ಲೊಂದು ಸೂಕ್ಷ್ಮವಿದೆ. 10 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಮುಖ್ಯ ವೃತ್ತಗಳಲ್ಲಿ ಮತ್ತು ನಿಯಮದ ಪಟ್ಟಿಯಲ್ಲಿ ಹೆಸರಿಸಿರುವ 132 ನಗರಗಳಲ್ಲಿ ಕ್ಯಾಮೆರಾ ಇರಬೇಕೆಂದು ನಿಯಮ ಹೇಳುತ್ತದೆ. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ದಾಟಿದ್ದ ಬಳ್ಳಾರಿ ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಅಪಾಯ ಮತ್ತು ದಟ್ಟಣೆ ಹೆಚ್ಚಿರುವ ಹೆದ್ದಾರಿ ಭಾಗಗಳು ಅದೇ ನಿಯಮದೊಳಗೆ ಬರುತ್ತವೆ. ಬಳ್ಳಾರಿಯಾದರೋ ಹೊಸಪೇಟೆಯಿಂದ ಗುಂತಕಲ್ಲಿನ ಕಡೆಗೆ ಸಾಗುವ 67ನೇ ರಾಷ್ಟ್ರೀಯ ಹೆದ್ದಾರಿಯೂ ಸಿರುಗುಪ್ಪದಿಂದ ಹಿರಿಯೂರಿನ ಕಡೆಗೆ ಇಳಿಯುವ 150ಎ ಹೆದ್ದಾರಿಯೂ ಸೇರುವ ಊರು. ಅಂದರೆ ಊರೊಳಗಿನ ವೃತ್ತಗಳಿಗೆ ಕ್ಯಾಮೆರಾ ಹಾಕುವುದು ಕಡ್ಡಾಯವೂ ಅಲ್ಲ, ನಿಷಿದ್ಧವೂ ಅಲ್ಲ. "ಕೋರ್ಟು ಹೇಳಿದೆ, ಹಾಕಲೇಬೇಕು" ಎಂಬ ವಾದವನ್ನು ಮುಂದಿಟ್ಟು ಚರ್ಚೆಯನ್ನು ಅಲ್ಲಿಗೇ ಮುಗಿಸಲು ಬಾರದು. ಹಾಕುವುದಾದರೆ ಅದು ಊರು ತಾನೇ ತೂಗಿ ನೋಡಿ ಮಾಡುವ ತೀರ್ಮಾನವಾಗುತ್ತದೆ.

ಹಾಕಿದ ಮೇಲೆ ಮಾತ್ರ ನಿಯಮ ಬಿಗಿಯಾಗಿದೆ. ಉಪಕರಣಕ್ಕೆ ಪ್ರತಿ ವರ್ಷ ನವೀಕರಿಸುವ ಪ್ರಮಾಣಪತ್ರ ಇರಬೇಕು. ಮುಂದೆ ಕ್ಯಾಮೆರಾ ಇದೆ ಎಂಬ ಫಲಕವನ್ನು ಎದ್ದು ಕಾಣುವಂತೆ ನಿಲ್ಲಿಸಬೇಕು. ತಪ್ಪು ನಡೆದ 15 ದಿನಗಳೊಳಗೆ ನೋಟಿಸು ಹೋಗಬೇಕು. ಅದರಲ್ಲಿ ತಪ್ಪನ್ನೂ ನಂಬರ್ ಪ್ಲೇಟನ್ನೂ ತೋರಿಸುವ ಚಿತ್ರ, ದಿನ, ವೇಳೆ, ಸ್ಥಳ ಮತ್ತು ಯಾವ ಕಲಂ ಉಲ್ಲಂಘನೆಯಾಗಿದೆ ಎಂಬ ವಿವರ ಇರಬೇಕು. ಪ್ರಕರಣ ಇತ್ಯರ್ಥವಾಗುವವರೆಗೆ ದಾಖಲೆಯನ್ನು ಕಾಪಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಅಳವಡಿಸುವ ಕಡತ) ಅಂಟಿಸಿಕೊಂಡು ಬರುವ ದಂಡದ ಸಂದೇಶ ವಂಚನೆಯದು ಎಂದು ಗುರುತಿಸಲು ಈ ವಿವರಗಳೇ ಸಾಕು.

ಯಂತ್ರ ನೋಡುವುದು ಏನನ್ನು

ಕೆಂಪು ದೀಪದ ಕ್ಯಾಮೆರಾ ಎಂದರೆ ಕಂಬದ ಮೇಲೆ ಕೂತು ಸುಮ್ಮನೆ ಚಿತ್ರ ತೆಗೆಯುವ ಸಿಸಿಟಿವಿ ಅಲ್ಲ. ಅದಕ್ಕೆ ಮೂರು ಸಂಗತಿಗಳು ಏಕಕಾಲಕ್ಕೆ ಗೊತ್ತಾಗಬೇಕು: ದೀಪ ಕೆಂಪಾಗಿ ಎಷ್ಟು ಹೊತ್ತಾಯಿತು, ವಾಹನ ಸ್ಟಾಪ್ ಲೈನಿನ ಯಾವ ಬದಿಯಲ್ಲಿದೆ, ಆ ವಾಹನದ ನಂಬರ್ ಯಾವುದು. ಕೆಂಪು ಬಿದ್ದ ಮೇಲೆ ಗೆರೆಯ ಹಿಂದಿದ್ದ ಗಾಡಿ ಮುಂದೆ ಹೋಗಿದ್ದನ್ನು ಕನಿಷ್ಠ ಎರಡು ಚಿತ್ರಗಳಲ್ಲಿ ಹಿಡಿದು, ನಂಬರನ್ನು ಯಂತ್ರವೇ ಓದಿ, ಪೊಲೀಸ್ ಸಿಬ್ಬಂದಿ ಪರಿಶೀಲಿಸಿದ ನಂತರ ನೋಟಿಸು ಹೊರಡುತ್ತದೆ. ಮೂರರಲ್ಲಿ ಯಾವುದೊಂದು ತಪ್ಪಿದರೂ ಒಂದೋ ತಪ್ಪಿತಸ್ಥ ಪಾರಾಗುತ್ತಾನೆ, ಇಲ್ಲವೇ ತಪ್ಪು ಮಾಡದವನಿಗೆ ಫೈನ್ ಬೀಳುತ್ತದೆ.

ಈ ಮೂರೂ ಬಳ್ಳಾರಿಯಂಥ ಊರಿನಲ್ಲಿ ಸುಲಭದ ಮಾತಲ್ಲ. ಗಡಿಗಿ ಚೆನ್ನಪ್ಪ ವೃತ್ತವನ್ನೇ, ಅಂದರೆ ಜನ ಇಂದಿಗೂ ರಾಯಲ್ ಸರ್ಕಲ್ ಎಂದೇ ಕರೆಯುವ ಜಾಗವನ್ನೇ, ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಸಂಜೆಯ ಹೊತ್ತು ಕೆಂಪು ದೀಪಕ್ಕೆ ನಿಂತ ಬೈಕುಗಳು ಒಂದೊಂದೇ ಗೇಣು ಮುಂದೆ ತೆವಳುತ್ತ ಗೆರೆಯನ್ನೂ ಝೀಬ್ರಾ ಪಟ್ಟಿಯನ್ನೂ ದಾಟಿ ನಿಲ್ಲುತ್ತವೆ. ಎಡಕ್ಕೆ ತಿರುಗಬೇಕಾದ ಆಟೊಗೆ ಅವು ದಾರಿ ಕೊಡಬೇಕಾಗುತ್ತದೆ. ಹಿಂದಿನಿಂದ ಬಸ್ಸು ಹಾರ್ನ್ ಹಾಕುತ್ತದೆ. ಟೈಮರ್ ಐದಕ್ಕೆ ಇಳಿಯುವಷ್ಟರಲ್ಲಿ ಅರ್ಧ ಗಾಡಿಗಳು ಹೊರಟೇ ಬಿಟ್ಟಿರುತ್ತವೆ. ಯಂತ್ರದ ಕಣ್ಣಿಗೆ ಇವರೆಲ್ಲರೂ ಗೆರೆ ದಾಟಿದವರೇ. ಆದರೆ ಅಪಘಾತ ಮಾಡಬಲ್ಲವನು ಅಡ್ಡರಸ್ತೆಗೆ ಹಸಿರು ಬಿದ್ದ ಮೇಲೆ ವೇಗವಾಗಿ ನುಗ್ಗಿ ಬರುವವನು. ಈ ಇಬ್ಬರ ನಡುವೆ ವ್ಯತ್ಯಾಸ ಮಾಡದ ವ್ಯವಸ್ಥೆ ತೆವಳುವವರಿಗೆ ನೂರಾರು ನೋಟಿಸು ಕಳಿಸಿ, ನುಗ್ಗುವವನನ್ನು ಆ ರಾಶಿಯಲ್ಲೇ ಹೂತುಬಿಡುತ್ತದೆ.

ಗೆರೆಯ ಕಥೆಯೂ ಬೇರೆಯಿಲ್ಲ. ಧೂಳು, ಬಿಸಿಲು ಮತ್ತು ಭಾರಿ ಲಾರಿಗಳ ಚಕ್ರಕ್ಕೆ ಸಿಕ್ಕ ರಸ್ತೆಯ ಬಿಳಿ ಬಣ್ಣ ಬೇಗ ಮಾಸುತ್ತದೆ. ಮಾಸಿದ ಗೆರೆ ಚಾಲಕನಿಗೆ ಕಾಣುವುದಿಲ್ಲ, ಆದರೆ ಕ್ಯಾಮೆರಾದ ಸಾಫ್ಟ್‌ವೇರ್‌ನಲ್ಲಿ ಎಳೆದ ಗೆರೆ ಮಾಸದೆ ಹಾಗೇ ಇರುತ್ತದೆ. ಕಾಣದ ಗೆರೆ ದಾಟಿದ್ದಕ್ಕೆ ಬಂದ ದಂಡವನ್ನು ಯಾರಾದರೂ ನ್ಯಾಯಾಲಯದಲ್ಲಿ ಪ್ರಶ್ನಿಸಿದರೆ ಅವರನ್ನು ತಪ್ಪು ಎನ್ನಲಾಗದು.

ಹಳದಿಯ ಮೂರು ಸೆಕೆಂಡು

ಇಡೀ ಚರ್ಚೆಯಲ್ಲಿ ಅತ್ಯಂತ ಕಡಿಮೆ ಮಾತಾಗಿರುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಹಳದಿ ದೀಪದ ಅವಧಿ. ಸ್ವಲ್ಪ ಲೆಕ್ಕ ಹಾಕದೆ ಇದು ಅರ್ಥವಾಗುವುದಿಲ್ಲ.

ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಹಳದಿ ಕಂಡ ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ಕಾರು ಅಥವಾ ಬೈಕು ಪ್ರತಿ ಸೆಕೆಂಡೂ ತನ್ನ ವೇಗವನ್ನು ಸೆಕೆಂಡಿಗೆ 3 ಮೀಟರಿನಷ್ಟು ತಗ್ಗಿಸಿಕೊಂಡರೆ ಪೂರ್ತಿ ನಿಲ್ಲಲು ಒಟ್ಟು 32 ಮೀಟರ್ ಬೇಕು. ಮೂರು ಸೆಕೆಂಡಿನ ಹಳದಿಯಲ್ಲಿ ಅದೇ ವೇಗದಲ್ಲಿ ಸಾಗಿದರೆ 33 ಮೀಟರ್ ದಾಟಬಹುದು. ಅಂದರೆ ಗೆರೆಯಿಂದ 32 ಮೀಟರಿಗಿಂತ ದೂರದಲ್ಲಿರುವವನು ನಿಲ್ಲಬಲ್ಲ, ಹತ್ತಿರವಿರುವವನು ಕೆಂಪು ಬೀಳುವ ಮೊದಲೇ ಗೆರೆ ದಾಟಬಲ್ಲ. ಲೆಕ್ಕ ಸರಿಹೋಗುತ್ತದೆ.

ಈಗ ಕಾರಿನ ಜಾಗದಲ್ಲಿ ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡು ಬರುವ ಲಾರಿಯನ್ನು ನಿಲ್ಲಿಸಿ. ಅದು ಪ್ರತಿ ಸೆಕೆಂಡೂ ತನ್ನ ವೇಗವನ್ನು ಸೆಕೆಂಡಿಗೆ 2 ಮೀಟರಿನಷ್ಟು ಮಾತ್ರ ತಗ್ಗಿಸಬಲ್ಲದು ಎಂದುಕೊಂಡರೆ ನಿಲ್ಲಲು 42 ಮೀಟರ್ ಬೇಕು. ಹಳದಿ ಬಿದ್ದಾಗ ಗೆರೆಯಿಂದ 38 ಮೀಟರ್ ದೂರದಲ್ಲಿರುವ ಚಾಲಕ ಬ್ರೇಕ್ ಹಾಕಿದರೂ ಗೆರೆಯ ಮೊದಲು ನಿಲ್ಲಲಾರ. ಹಾಗೇ ಸಾಗಿದರೂ ಕೆಂಪು ಬೀಳುವ ಮೊದಲು ಗೆರೆ ಮುಟ್ಟಲಾರ. ಆತ ಏನು ಮಾಡಿದರೂ ಕ್ಯಾಮೆರಾದ ಪುಸ್ತಕದಲ್ಲಿ ತಪ್ಪಿತಸ್ಥ. ಹಳದಿಯನ್ನು ನಾಲ್ಕು ಸೆಕೆಂಡಿಗೆ ಏರಿಸಿದರೆ ಅದೇ ವೇಗದಲ್ಲಿ 44 ಮೀಟರ್ ದಾಟಬಹುದಾದ್ದರಿಂದ ಈ ಇಕ್ಕಟ್ಟೇ ಇರುವುದಿಲ್ಲ. ಒಂದು ಸೆಕೆಂಡಿನ ಈ ಬದಲಾವಣೆಗೆ ಟೆಂಡರ್ ಬೇಕಿಲ್ಲ, ಸಿಗ್ನಲ್ ಪೆಟ್ಟಿಗೆಯಲ್ಲಿ ಒಂದು ಅಂಕಿ ತಿದ್ದಿದರೆ ಮುಗಿಯಿತು. ಎಲ್ಲ ದಿಕ್ಕಿಗೂ ಒಂದೆರಡು ಸೆಕೆಂಡು ಕೆಂಪೇ ಇರುವಂತೆ ಮಾಡಿ ವೃತ್ತವನ್ನು ಖಾಲಿಯಾಗಲು ಬಿಡುವುದೂ ಅಷ್ಟೇ ಅಗ್ಗದ ಉಪಾಯ.

ಈ ಲೆಕ್ಕವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಷಿಕಾಗೊ ನಗರ ಸಾಕ್ಷಿ. ಅಲ್ಲಿ 2014ರಲ್ಲಿ ಹಳದಿಯ ಮಿತಿ ಮೂರು ಸೆಕೆಂಡಿಗಿಂತ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಡಿಮೆಯಿದ್ದ ಪ್ರಕರಣಗಳಿಗೂ ದಂಡ ಹಾಕತೊಡಗಿದ್ದರಿಂದ ಸುಮಾರು 77,000 ಹೆಚ್ಚುವರಿ ನೋಟಿಸುಗಳು ಹೊರಟವು. ಕಣ್ಣು ಮಿಟುಕಿಸುವಷ್ಟೂ ಇಲ್ಲದ ಹೊತ್ತು ಅದು. ಅದೇ ಯೋಜನೆಯಲ್ಲಿ ಕ್ಯಾಮೆರಾ ಕಂಪನಿಯಿಂದ ಲಂಚ ಪಡೆದ ನಗರಾಡಳಿತದ ಅಧಿಕಾರಿಯೊಬ್ಬರಿಗೆ 2016ರಲ್ಲಿ ಹತ್ತು ವರ್ಷ ಜೈಲಾಯಿತು.

ಪರ ಇರುವವರ ಮಾತು

ಕ್ಯಾಮೆರಾ ಬೇಕು ಎನ್ನುವವರ ವಾದದಲ್ಲಿ ಗಟ್ಟಿಯಾದ ತಿರುಳಿದೆ. ಸಂಚಾರ ಠಾಣೆಯ ಕೆಲವೇ ಸಿಬ್ಬಂದಿ ಇಡೀ ದಿನ ಎಲ್ಲ ವೃತ್ತಗಳಲ್ಲೂ ನಿಲ್ಲಲು ಸಾಧ್ಯವಿಲ್ಲ, ಅದೂ ಏಪ್ರಿಲ್–ಮೇ ತಿಂಗಳ ಬಳ್ಳಾರಿ ಬಿಸಿಲಿನಲ್ಲಿ. ಪೊಲೀಸ್ ಇದ್ದರೆ ನಿಲ್ಲುವುದು, ಇಲ್ಲದಿದ್ದರೆ ಹೋಗುವುದು ಎಂಬ ರೂಢಿ ಬೆಳೆದಿರುವುದೇ ಆ ಕಾರಣಕ್ಕೆ. ಯಂತ್ರಕ್ಕೆ ಹೊತ್ತುಗೊತ್ತಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ಅದಕ್ಕೆ ಮುಖದಾಕ್ಷಿಣ್ಯವೂ ಇಲ್ಲ. "ನಾವು ಯಾರ ಕಡೆಯವರು ಗೊತ್ತಾ" ಎಂದು ಫೋನ್ ಕೈಗೆ ಕೊಡುವವನಿಗೂ ತರಕಾರಿ ತುಂಬಿಕೊಂಡು ಬರುವ ಗೂಡ್ಸ್ ಆಟೊದವನಿಗೂ ಅದು ಒಂದೇ ನೋಟಿಸು ಕಳಿಸುತ್ತದೆ. ರಸ್ತೆಬದಿಯಲ್ಲಿ ನಡೆಯುವ ಕೈಯಿಂದ ಕೈಗೆ ವ್ಯವಹಾರಕ್ಕೂ ಅಲ್ಲಿ ಜಾಗವಿಲ್ಲ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ವೃತ್ತಗಳಲ್ಲಿ ನಂಬರ್ ಓದುವ 250 ಹಾಗೂ ಕೆಂಪು ದೀಪ ಕಾಯುವ 80 ಕ್ಯಾಮೆರಾಗಳೊಂದಿಗೆ ಇಂಥ ವ್ಯವಸ್ಥೆ ಶುರುವಾದಾಗ ಸರ್ಕಾರ ಮುಂದಿಟ್ಟ ಸಮರ್ಥನೆಯೂ ಹೆಚ್ಚುಕಡಿಮೆ ಇದೇ.

ಬೆಂಗಳೂರು–ಮೈಸೂರು ಹೆದ್ದಾರಿಯ ಉದಾಹರಣೆಯನ್ನೂ ಇವರು ಕೊಡುತ್ತಾರೆ. ಕ್ಯಾಮೆರಾ ಬಂದ ಮೇಲೆ ಅಲ್ಲಿ ಸಾವುಗಳು ಇಳಿದವು ಎನ್ನುವುದು ನಿಜ. ಆದರೆ 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳನ್ನೇ ನಿಷೇಧಿಸಲಾಗಿತ್ತು ಎಂಬುದನ್ನು ಜೊತೆಗೆ ಹೇಳದಿದ್ದರೆ ಅದು ಅರ್ಧ ಸತ್ಯ. ಅಲ್ಲಿನ ಕ್ಯಾಮೆರಾ ಮುಖ್ಯವಾಗಿ ಅಳೆಯುವುದು ವೇಗವನ್ನು. ವೇಗದ ಕ್ಯಾಮೆರಾದ ಫಲವನ್ನು ಕೆಂಪು ದೀಪದ ಕ್ಯಾಮೆರಾದ ಖಾತೆಗೆ ಬರೆಯಲು ಬರುವುದಿಲ್ಲ.

ಅಪಘಾತ ಕಡಿಮೆಯಾಗುತ್ತದೆಯೇ, ಬಗೆ ಬದಲಾಗುತ್ತದೆಯೇ

ಈ ಪ್ರಶ್ನೆಗೆ ಅಮೆರಿಕದಲ್ಲಿ ದೀರ್ಘ ಅಧ್ಯಯನ ನಡೆದಿದೆ. ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತ 2005ರಲ್ಲಿ 132 ಸ್ಥಳಗಳನ್ನು ಪರಿಶೀಲಿಸಿದಾಗ ಅಡ್ಡದಿಂದ ಬಂದು ಗುದ್ದುವ ಅಪಘಾತಗಳು ಸುಮಾರು ಶೇ 25ರಷ್ಟು ಇಳಿದಿದ್ದವು, ಹಿಂದಿನಿಂದ ಗುದ್ದುವ ಅಪಘಾತಗಳು ಸುಮಾರು ಶೇ 15ರಷ್ಟು ಏರಿದ್ದವು. ಕಾರಣ ಸರಳ: ದಂಡದ ಭಯಕ್ಕೆ ಮುಂದಿನವನು ಹಳದಿ ಕಂಡೊಡನೆ ಗಕ್ಕನೆ ನಿಲ್ಲುತ್ತಾನೆ, ಹಿಂದಿನವನಿಗೆ ಅದರ ನಿರೀಕ್ಷೆ ಇರುವುದಿಲ್ಲ. ಹ್ಯೂಸ್ಟನ್ ನಗರದ ಮತದಾರರು 2010ರಲ್ಲಿ ಕ್ಯಾಮೆರಾ ಬೇಡ ಎಂದು ಮತ ಹಾಕಿದ್ದರಿಂದ ಅಲ್ಲಿ ಅವನ್ನು ತೆಗೆದರು. ಅದರ ಪರಿಣಾಮವನ್ನು ಅಳೆದ ಅರ್ಥಶಾಸ್ತ್ರಜ್ಞರಿಗೆ ಕ್ಯಾಮೆರಾದಿಂದ ಒಟ್ಟು ಅಪಘಾತಗಳು ಕಡಿಮೆಯಾಗಿದ್ದವು ಎನ್ನಲು ಪುರಾವೆ ಸಿಗಲಿಲ್ಲ.

ಅಡ್ಡದಿಂದ ಬೀಳುವ ಪೆಟ್ಟು ಬಾಗಿಲಿಗೆ, ಅಂದರೆ ಮನುಷ್ಯನ ಮೈಗೆ ಬೀಳುತ್ತದೆ. ಹಿಂದಿನ ಪೆಟ್ಟು ಬಂಪರಿಗೆ ಬೀಳುತ್ತದೆ. ಆದ್ದರಿಂದ ಒಟ್ಟು ಸಂಖ್ಯೆ ಬದಲಾಗದಿದ್ದರೂ ಅದಲುಬದಲು ಲಾಭದ್ದೇ ಎಂದು ಅಮೆರಿಕದಲ್ಲಿ ವಾದಿಸಬಹುದು. ಬಳ್ಳಾರಿಗೆ ಆ ವಾದ ಹಾಗೇ ಹೊಂದುವುದಿಲ್ಲ. ಇಲ್ಲಿ ಗಕ್ಕನೆ ನಿಲ್ಲುವುದು ಹೆಚ್ಚಾಗಿ ಬೈಕು, ಅದರ ಹಿಂದಿರುವುದು ಲಾರಿಯೋ ಬಸ್ಸೋ ಆಗಿರಬಹುದು. ಬೈಕಿಗೆ ಬಂಪರ್ ಇರುವುದಿಲ್ಲ. ಹೊರದೇಶದ ಅಂಕಿಗಳನ್ನು ಓದುವಾಗ ಈ ವ್ಯತ್ಯಾಸವನ್ನು ಮರೆತರೆ ತೀರ್ಮಾನವೇ ತಲೆಕೆಳಗಾಗುತ್ತದೆ. ಭಾರಿ ವಾಹನ ಓಡಾಡುವ ರಸ್ತೆಗಳಲ್ಲಿ ಹಳದಿಯ ಅವಧಿ ಉದಾರವಾಗಿರಬೇಕು ಎನ್ನಲು ಇದು ಇನ್ನೊಂದು ಕಾರಣ.

ವಿರೋಧಿಸುವವರು ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶವನ್ನು ಮುಂದಿಡಬಹುದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ 71ರಷ್ಟು ಸಾವುಗಳು ಅತಿವೇಗದ ಲೆಕ್ಕಕ್ಕೆ ಬರೆಯಲ್ಪಟ್ಟರೆ ಕೆಂಪು ದೀಪ ದಾಟಿದ್ದರ ಪಾಲು ಶೇ 1ರ ಆಸುಪಾಸು ಮಾತ್ರ. ಶೇ 1ಕ್ಕಾಗಿ ಕೋಟಿಗಟ್ಟಲೆ ಖರ್ಚೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ದೇಶದ ಬಹುಪಾಲು ರಸ್ತೆಗಳಲ್ಲಿ ಸಿಗ್ನಲ್ಲೇ ಇಲ್ಲ ಎಂಬುದನ್ನೂ, ಅಪಘಾತದ ಕಾರಣ ನಿಖರವಾಗಿ ತಿಳಿಯದಿದ್ದಾಗ "ಅತಿವೇಗ ಮತ್ತು ಅಜಾಗರೂಕತೆ" ಎಂದೇ ಬರೆಯುವ ವಾಡಿಕೆಯನ್ನೂ ಗಮನದಲ್ಲಿಟ್ಟು ಈ ಅಂಕಿಯನ್ನು ಓದಬೇಕು.

ದುಡ್ಡು ಯಾರದು, ಯಾರಿಗೆ

ಸಿಗ್ನಲ್ ಜಂಪ್‌ಗೆ ರಾಜ್ಯದಲ್ಲಿ ವಸೂಲಾಗುವುದು ಸಾಮಾನ್ಯವಾಗಿ 500 ರೂಪಾಯಿ. ಈ ಹಣ ಮಹಾನಗರ ಪಾಲಿಕೆಗೆ ಬರುವುದಿಲ್ಲ, ರಾಜ್ಯ ಸರ್ಕಾರದ ಖಾತೆಗೆ ಹೋಗುತ್ತದೆ. ಗೆರೆ ಬಳಿಯಬೇಕಾದವರು ಒಬ್ಬರು, ದಂಡ ಹಾಕುವವರು ಇನ್ನೊಬ್ಬರು, ದುಡ್ಡು ಸೇರುವುದು ಮತ್ತೊಂದು ಕಡೆ. ಹೀಗಿರುವಾಗ ವೃತ್ತವನ್ನು ಸರಿಪಡಿಸುವ ಆತುರ ಯಾರಿಗೂ ಇರುವುದಿಲ್ಲ.

ಕ್ಯಾಮೆರಾಗೆ ಹಣ ಎಲ್ಲಿಂದ ಎಂಬ ಮಾತು ಬಂದಾಗ ಬಳ್ಳಾರಿಯಲ್ಲಿ ಸಹಜವಾಗಿ ನೆನಪಾಗುವುದು ಜಿಲ್ಲಾ ಖನಿಜ ನಿಧಿ. ಗಣಿಗಾರಿಕೆಯಿಂದ ಬಾಧಿತರಾದವರಿಗಾಗಿ 2015ರ ತಿದ್ದುಪಡಿಯ ಮೂಲಕ ಹುಟ್ಟಿದ ಆ ನಿಧಿಯ ಬಹುಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಗಳಿಗೆ ಮೀಸಲು. ಊರಿನ ವೃತ್ತದ ಕ್ಯಾಮೆರಾಗೆ ಅದನ್ನು ಬಳಸಿದರೆ ಸಂಡೂರಿನ ಹಳ್ಳಿಗಳ ಪಾಲು ಕಿತ್ತಂತಾಗುವುದಿಲ್ಲವೇ ಎಂಬ ಆಕ್ಷೇಪ ಬರುವುದು ಖಂಡಿತ. ಅದಿರು ಲಾರಿಗಳ ದಾರಿಯಲ್ಲಿರುವ ಸಿಗ್ನಲ್‌ಗಳ ಮಟ್ಟಿಗೆ ಮಾತ್ರ ಒಂದಿಷ್ಟು ಸಮರ್ಥನೆ ಸಿಗಬಹುದು.

ಇನ್ನೊಂದು ದಾರಿ, ಖಾಸಗಿ ಕಂಪನಿಯೇ ಬಂಡವಾಳ ಹಾಕಿ ದಂಡದಲ್ಲಿ ಪಾಲು ಪಡೆಯುವುದು. ಸರ್ಕಾರಕ್ಕೆ ಖರ್ಚಿಲ್ಲ ಎಂದು ಇದು ಆಕರ್ಷಕವಾಗಿ ಕಾಣುತ್ತದೆ, ಆದರೆ ಎಲ್ಲಕ್ಕಿಂತ ಅಪಾಯದ ದಾರಿ ಇದೇ. ಕ್ಯಾಮೆರಾ ಯಶಸ್ವಿಯಾಯಿತು ಎಂದರೆ ತಪ್ಪುಗಳು ಇಳಿದವು ಎಂದರ್ಥ. ತಪ್ಪು ಇಳಿದರೆ ಕಂಪನಿಯ ಗಳಿಕೆಯೂ ಇಳಿಯುತ್ತದೆ. ಜನ ನೆಟ್ಟಗಾದಷ್ಟೂ ನಷ್ಟ ಅನುಭವಿಸುವವನ ಕೈಗೆ ಜನರನ್ನು ನೆಟ್ಟಗೆ ಮಾಡುವ ಕೆಲಸ ಕೊಟ್ಟಂತೆ ಅದು. ಕೇರಳದಲ್ಲಿ 2023ರ ಜೂನ್‌ನಲ್ಲಿ 726 ಕ್ಯಾಮೆರಾಗಳು ಕೆಲಸ ಶುರುಮಾಡಿದಾಗ ಎದ್ದ ವಿವಾದ ಕ್ಯಾಮೆರಾದ ಉಪಯೋಗದ ಬಗ್ಗೆ ಇದ್ದುದಕ್ಕಿಂತ ಹೆಚ್ಚಾಗಿ ಗುತ್ತಿಗೆ ಮತ್ತು ಉಪಗುತ್ತಿಗೆಗಳ ಬಗ್ಗೆ ಇತ್ತು. ನಿಗದಿತ ಬಾಡಿಗೆ ಕೊಟ್ಟು, ನೋಟಿಸಿನ ಸಂಖ್ಯೆಗೂ ಕಂಪನಿಯ ಬಿಲ್ಲಿಗೂ ಸಂಬಂಧವೇ ಇಲ್ಲದಂತೆ ಕರಾರು ಬರೆಯುವುದು ಈ ತೊಡಕಿನಿಂದ ಪಾರಾಗುವ ದಾರಿ.

ಅರ್ಧ ದರದ ದಂಡ

2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಆಮೇಲೂ ಹಲವು ಬಾರಿ ರಿಯಾಯಿತಿ ಬಂತು. ಖಜಾನೆಗೆ ಇದು ಲಾಭವಾಗಿ ಕಂಡರೂ ಜನ ಕಲಿತ ಪಾಠ ಬೇರೆ: ನೋಟಿಸು ಬಂದ ದಿನವೇ ಕಟ್ಟಿದವನು ಪೂರ್ತಿ ಕಟ್ಟುತ್ತಾನೆ, ಸುಮ್ಮನಿದ್ದವನು ಅರ್ಧಕ್ಕೆ ಪಾರಾಗುತ್ತಾನೆ. ನೋಟಿಸು ತಕ್ಷಣ ತಲುಪಿ, ಹಣ ತಕ್ಷಣ ಕಟ್ಟುವಂತಾದರೆ ಮಾತ್ರ ದಂಡ ನಡವಳಿಕೆಯನ್ನು ತಿದ್ದುತ್ತದೆ. ತಪ್ಪಿಗೂ ದಂಡಕ್ಕೂ ನಡುವೆ ವರ್ಷವೇ ಕಳೆದರೆ ಅದು ಬರೀ ಬಾಕಿಯಾಗಿ ಉಳಿಯುತ್ತದೆ.

ಗಡಿಯ ಊರಾದ ಬಳ್ಳಾರಿಗೆ ಇನ್ನೊಂದು ತೊಡಕಿದೆ. ಇಲ್ಲಿನ ರಸ್ತೆಗಳಲ್ಲಿ ಕೆಎ 34 ಗಾಡಿಗಳ ಪಕ್ಕದಲ್ಲೇ ಅನಂತಪುರ, ಕರ್ನೂಲು ಕಡೆಯ ಎಪಿ ನೋಂದಣಿಯ ಗಾಡಿಗಳು ದಿನವೂ ಓಡಾಡುತ್ತವೆ. ನೋಟಿಸು ಅವರಿಗೂ ಹೋಗಬಹುದು, ವಸೂಲಿ ಮಾತ್ರ ಕಷ್ಟ. ನಂಬರ್ ಪ್ಲೇಟೇ ಇಲ್ಲದ ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರಿನ ಹಿಂಭಾಗವನ್ನು ಕ್ಯಾಮೆರಾ ಹಿಡಿದರೂ ಓದಲು ಏನೂ ಇರುವುದಿಲ್ಲ. ಹೀಗಾಗಿ ಪ್ಲೇಟು ಸರಿಯಾಗಿರುವ ಸ್ಥಳೀಯನೇ ಹೆಚ್ಚು ದಂಡ ಕಟ್ಟುವವನಾಗುತ್ತಾನೆ. ನೋಟಿಸು ಹೋಗುವುದು ಮಾಲೀಕನಿಗೇ ಹೊರತು ಚಾಲಕನಿಗಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. ಲಾರಿ ಮತ್ತು ಗೂಡ್ಸ್ ಆಟೊಗಳಲ್ಲಿ ಅದು ಕೊನೆಗೆ ಚಾಲಕನ ಸಂಬಳದಲ್ಲಿ ಮುರಿಯುತ್ತದೆ, ಹಳದಿಯ ಲೆಕ್ಕ ತಪ್ಪಿದ್ದರೂ ಸಹ.

ಆಂಬುಲೆನ್ಸ್‌ಗೆ ದಾರಿ ಬಿಡಲು ಗೆರೆ ದಾಟಿದವರ ಪ್ರಶ್ನೆ ಜನ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವ ದಾರಿಗಳಲ್ಲಿ ಮೇಲಿಂದ ಮೇಲೆ ಏಳುತ್ತದೆ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡವಿದೆ, ಬಿಟ್ಟರೆ ಕ್ಯಾಮೆರಾದ ದಂಡ. ಚಿತ್ರವನ್ನು ಪರಿಶೀಲಿಸುವ ಸಿಬ್ಬಂದಿ ಹಿಂದೆ ಮುಂದೆ ಕೆಲವು ಸೆಕೆಂಡುಗಳ ವಿಡಿಯೊ ನೋಡಿದರೆ ಇದು ಬಗೆಹರಿಯುತ್ತದೆ. ಎರಡು ಚಿತ್ರ ನೋಡಿ ಗುಂಡಿ ಒತ್ತಿದರೆ ಬಗೆಹರಿಯುವುದಿಲ್ಲ.

ಮೊದಲು ಯಾವುದು

ಇಷ್ಟನ್ನೂ ಇಟ್ಟು ನೋಡಿದರೆ ಬಳ್ಳಾರಿಗೆ ಕ್ಯಾಮೆರಾ ಬೇಡವೆನ್ನಲು ಬಲವಾದ ಕಾರಣವಿಲ್ಲ, ನಾಳೆಯೇ ಬೇಕೆನ್ನಲೂ ಇಲ್ಲ. ಕೆಲಸದ ಸರದಿ ಮುಖ್ಯ. ಗೆರೆ ಬಳಿಯುವುದು, ಹಳದಿಯನ್ನು ಆ ರಸ್ತೆಯ ವೇಗ ಮತ್ತು ವಾಹನಗಳಿಗೆ ತಕ್ಕಂತೆ ಹೊಂದಿಸುವುದು, ಎಡ ತಿರುವಿಗೆ ಜಾಗ ಬಿಡಿಸುವುದು ಮೊದಲು ಆಗಬೇಕು. ಕ್ಯಾಮೆರಾ ಅದರ ನಂತರ. ಆರಂಭದ ಕೆಲವು ವಾರ ದಂಡವಿಲ್ಲದೆ ಎಚ್ಚರಿಕೆಯ ನೋಟಿಸನ್ನಷ್ಟೇ ಕಳಿಸಿ, ಪ್ರತಿ ವೃತ್ತದ ಪ್ರತಿ ದಿಕ್ಕಿನಲ್ಲೂ ಎಷ್ಟು ಗಾಡಿಗಳು ಕೆಂಪು ಬಿದ್ದು ಎಷ್ಟು ಸೆಕೆಂಡಿನ ಮೇಲೆ ದಾಟಿದವು ಎಂಬ ಪಟ್ಟಿಯನ್ನು ಪೊಲೀಸರು ಬಹಿರಂಗಪಡಿಸಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಏಕೆಂದರೆ ಆ ಪಟ್ಟಿ ಚಾಲಕರ ಬಗ್ಗೆ ಎಷ್ಟು ಹೇಳುತ್ತದೆಯೋ ಸಿಗ್ನಲ್ ಬಗ್ಗೆಯೂ ಅಷ್ಟೇ ಹೇಳುತ್ತದೆ. ಕೆಂಪು ಬಿದ್ದ ಮೊದಲ ಅರ್ಧ ಸೆಕೆಂಡಿನಲ್ಲೇ ಬಹುಪಾಲು ಗಾಡಿಗಳು ಸಿಕ್ಕಿಬೀಳುತ್ತಿದ್ದರೆ ಹಳದಿ ಗಿಡ್ಡವಾಗಿದೆ. ಐದಾರು ಸೆಕೆಂಡಿನ ಮೇಲೆ ನುಗ್ಗುವವರು ಹೆಚ್ಚಿದ್ದರೆ ಅಲ್ಲಿ ದಂಡವೇ ಮದ್ದು. ಒಂದು ದಿಕ್ಕಿನಲ್ಲಿ ಮಾತ್ರ ತಿಂಗಳುಗಟ್ಟಲೆ ಸಂಖ್ಯೆ ಇಳಿಯದಿದ್ದರೆ ಮರದ ಕೊಂಬೆಯೋ ಫ್ಲೆಕ್ಸೋ ದೀಪಕ್ಕೆ ಅಡ್ಡ ಬಂದಿದೆಯೇ ಎಂದು ಯಾರಾದರೂ ಹೋಗಿ ಆ ಗೆರೆಯ ಹಿಂದೆ ನಿಂತು ನೋಡಬೇಕಾಗುತ್ತದೆ.